ವ್ಯಾನಿನ ಸೀಟು ಬಿಚ್ಚುವ ಮುನ್ನ ತೂಕದ ಲೆಕ್ಕ ನೋಡಬೇಕು

ಸಂಪಾದಕರಿಗೆ,

ಮಾನ್ಯರೇ,

ಹನ್ನೆರಡರಿಂದ ಹದಿನೈದು ಜನ ಕೂರಬಹುದಾದ ದೊಡ್ಡ ವ್ಯಾನನ್ನು ಮನೆಬಳಕೆಗೆ ಕೊಳ್ಳುವವರು ಅಷ್ಟೂ ಸೀಟುಗಳನ್ನು ಇದ್ದಂತೆಯೇ ಇಟ್ಟುಕೊಳ್ಳುವುದು ಅಪರೂಪ. ಮನೆಮಂದಿ ಆರೇಳು ಜನ, ಅವರ ಪೆಟ್ಟಿಗೆಗಳು, ಸೈಕಲ್ಲು, ಹಾಸಿಗೆ, ದುಡಿಮೆಯ ಸಾಮಾನು ಎಲ್ಲವೂ ಒಂದೇ ವಾಹನದಲ್ಲಿ ಹೋಗಬೇಕಾದಾಗ ಒಂದೆರಡು ಸಾಲು ಬಿಚ್ಚಿ, ಉಳಿದವನ್ನು ಹಿಂದಕ್ಕೋ ಮುಂದಕ್ಕೋ ಸರಿಸಿ ಜಾಗ ಮಾಡಿಕೊಳ್ಳುವುದು ಸಹಜ. ಹಾಗೆ ಮಾಡುವುದರಲ್ಲಿ ತಪ್ಪಿಲ್ಲ. ಒಂದೇ ವಾಹನ ಎರಡು ಕೆಲಸಕ್ಕೆ ಒದಗುವುದು ಒಳ್ಳೆಯದೇ. ನನ್ನ ಆತಂಕವಿರುವುದು ಈ ಕೆಲಸವನ್ನು ನಾವು ಮಾಡುವ ಕ್ರಮದ ಬಗ್ಗೆ. ಟೇಪು ಹಿಡಿದು ಉದ್ದ, ಅಗಲ, ಎತ್ತರ ಅಳೆಯುತ್ತೇವೆ, ಸಾಮಾನು ಹಿಡಿಯುತ್ತದೆ ಎಂದು ಕಂಡರೆ ಕೆಲಸ ಮುಗಿಯಿತು ಎನ್ನುತ್ತೇವೆ. ಮೊದಲು ನೋಡಬೇಕಾದದ್ದು ತೂಕ ಎಲ್ಲಿ ಕೂರುತ್ತದೆ ಎಂಬುದನ್ನು, ಆಮೇಲೆ ಪ್ರತಿಯೊಬ್ಬರ ಬೆಲ್ಟು ಯಾವುದಕ್ಕೆ ಕಚ್ಚಿಕೊಂಡಿದೆ ಎಂಬುದನ್ನು. ಜಾಗದ ಪ್ರಶ್ನೆ ಬರುವುದು ಇವೆರಡೂ ಇತ್ಯರ್ಥವಾದ ಮೇಲೆ.

ಸೀಟು ತೆಗೆದು ಸರಕು ತುಂಬುವ ಯೋಚನೆ ಹೊಸದೇನಲ್ಲ. 1950ರಲ್ಲಿ ತಯಾರಾಗತೊಡಗಿದ ಫೋಕ್ಸ್‌ವ್ಯಾಗನ್ ವ್ಯಾನಿನ ಕೊಂಬಿ ಮಾದರಿಯಲ್ಲಿ ಹಿಂದಿನ ಸೀಟುಗಳನ್ನು ತೆಗೆದು ಸರಕು ಸಾಗಿಸಬಹುದಿತ್ತು. 2005ರ ಮಾದರಿಯ ಕ್ರೈಸ್ಲರ್ ಮಿನಿವ್ಯಾನ್‌ಗಳಲ್ಲಿ ಎರಡನೆಯ ಸಾಲಿನ ಸೀಟುಗಳು ಕೂಡ ಮಡಚಿಕೊಂಡು ನೆಲದ ಗುಂಡಿಯೊಳಗೆ ಇಳಿಯುವಂತಾಯಿತು. ಇಂಥ ವಾಹನಗಳ ನೆಲವನ್ನು ಈ ಬದಲಾವಣೆಗೆಂದೇ ರೂಪಿಸಿರುತ್ತಾರೆ. ದೊಡ್ಡ ಪ್ರಯಾಣಿಕ ವ್ಯಾನ್‌ಗಳ ಕಥೆ ಬೇರೆ. ಅವುಗಳಲ್ಲಿ ಕೆಲವಕ್ಕೆ ನೆಲದಲ್ಲಿ ಹಳಿಗಳಿದ್ದು ಸೀಟನ್ನು ಸರಿಸಿ ಬೇರೆಡೆ ಕಚ್ಚಿಸಬಹುದು. ಉಳಿದವುಗಳಲ್ಲಿ ಉದ್ದದ ಬೆಂಚು ಸೀಟು ನಿಗದಿತ ಜಾಗದಲ್ಲಿ ಮಾತ್ರ ಬೋಲ್ಟಿನಿಂದ ಕೂತಿರುತ್ತದೆ. ನಮ್ಮ ವಾಹನ ಇವೆರಡರಲ್ಲಿ ಯಾವುದು ಎಂದು ತಿಳಿಯದೆ ಸ್ಪ್ಯಾನರ್ ಕೈಗೆತ್ತಿಕೊಳ್ಳಬಾರದು.

ತೂಕದ ಮಾತಿಗೆ ಬರುತ್ತೇನೆ. ಈ ವ್ಯಾನ್‌ಗಳ ಹಿಂಭಾಗ ಹಿಂದಿನ ಆಕ್ಸಲ್‌ನಿಂದ ಆಚೆಗೆ ಸಾಕಷ್ಟು ಚಾಚಿಕೊಂಡಿರುತ್ತದೆ. ಆಕ್ಸಲ್ ಎಂದರೆ ಎಡಬಲದ ಚಕ್ರಗಳನ್ನು ಜೋಡಿಸುವ ಅಚ್ಚು. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 3.5 ಮೀಟರ್ ಅಂತರವಿರುವ ಒಂದು ವ್ಯಾನಿನಲ್ಲಿ, ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದಕ್ಕೆ 300 ಕಿಲೊ ಸಾಮಾನು ಪೇರಿಸಿದೆವೆನ್ನಿ. ಹಿಂದಿನ ಚಕ್ರಗಳ ಮೇಲೆ ಬೀಳುವುದು 300 ಕಿಲೊ ಅಲ್ಲ, ಸುಮಾರು 403 ಕಿಲೊ. ಹೆಚ್ಚುವರಿ 103 ಕಿಲೊ ಮುಂದಿನ ಚಕ್ರಗಳಿಂದ ಎತ್ತಿ ತೆಗೆದದ್ದು. ದಿಕ್ಕು ತಿರುಗಿಸುವ ಚಕ್ರಗಳೇ ಹಗುರಾದರೆ ಸ್ಟೀರಿಂಗ್ ಹಿಡಿತ ಸಡಿಲಾಗುತ್ತದೆ, ಗಟ್ಟಿ ಬ್ರೇಕಿನಲ್ಲಿ, ತಿರುವಿನಲ್ಲಿ, ಒದ್ದೆ ರಸ್ತೆಯಲ್ಲಿ ಅದು ಗೊತ್ತಾಗುತ್ತದೆ. ಅದೇ 300 ಕಿಲೊವನ್ನು ಆಕ್ಸಲ್‌ನಿಂದ ಅರ್ಧ ಮೀಟರ್ ಮುಂದಕ್ಕೆ ತಂದಿಟ್ಟರೆ ಮುಂದಿನ ಚಕ್ರಗಳಿಗೆ ಸುಮಾರು 43 ಕಿಲೊ ಸೇರುತ್ತದೆ. ಸಾಮಾನೂ ಅದೇ, ವಾಹನವೂ ಅದೇ. ಎರಡು ಮೀಟರಿಗಿಂತ ಕಡಿಮೆ ಸರಿಸಿದ್ದಕ್ಕೆ ಇಷ್ಟು ವ್ಯತ್ಯಾಸ.

ಜನರ ವಿಷಯದಲ್ಲೂ ಇದೇ ನಿಯಮ. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 2001ರಲ್ಲಿ ಹದಿನೈದು ಆಸನಗಳ ವ್ಯಾನ್ ಬಳಸುವವರಿಗೆ ಎಚ್ಚರಿಕೆ ನೀಡಿತ್ತು: ಬೇರೆ ವಾಹನದ ಪಾತ್ರವಿಲ್ಲದ ಅಪಘಾತಗಳಲ್ಲಿ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದ ವ್ಯಾನ್‌ಗಳು ಮಗುಚಿಬೀಳುವ ಪ್ರಮಾಣ, ಕಡಿಮೆ ಜನರಿದ್ದ ಇಂಥದೇ ವ್ಯಾನ್‌ಗಳಿಗಿಂತ ಮೂರು ಪಟ್ಟಿಗೆ ಹತ್ತಿರವಿತ್ತು. ವ್ಯಾನ್ ಭರ್ತಿಯಾಗದಿದ್ದಾಗ ಎಲ್ಲರೂ ಹಿಂದಿನ ಆಕ್ಸಲ್‌ಗಿಂತ ಮುಂದಿನ ಸೀಟುಗಳಲ್ಲಿ ಕೂರಬೇಕು, ಚಾವಣಿಯ ಮೇಲೆ ಸಾಮಾನು ಹೇರಬಾರದು ಎಂಬುದು ಅದೇ ಸಂಸ್ಥೆ ಪದೇ ಪದೇ ಹೇಳುತ್ತ ಬಂದಿರುವ ಸಲಹೆ. ನಾವು ಮಾಡುವುದು ಇದರ ತದ್ವಿರುದ್ಧ. ಪಕ್ಕದ ಜಾರುಬಾಗಿಲಿನಿಂದ ಸಾಮಾನು ಏರಿಸುವುದು ಸುಲಭವೆಂದು ನಡುವಿನ ಸಾಲನ್ನು ಬಿಚ್ಚುತ್ತೇವೆ, ಮಕ್ಕಳು ಹಿಂದೆ ಆಡಿಕೊಂಡಿರಲಿ ಎಂದು ಕಟ್ಟಕಡೆಯ ಸಾಲನ್ನು ಉಳಿಸಿಕೊಳ್ಳುತ್ತೇವೆ, ಮಿಕ್ಕಿದ್ದನ್ನು ಮೇಲಿನ ಕ್ಯಾರಿಯರ್‌ಗೆ ಕಟ್ಟುತ್ತೇವೆ. ಹೀಗೆ ಮಾಡಿದಾಗ ಜನ ಆಕ್ಸಲ್‌ನಿಂದ ಹಿಂದೆ ಉಳಿಯುತ್ತಾರೆ, ಸಾಮಾನು ಮುಂದಿನವರ ಬೆನ್ನಿಗೆ ನೇರವಾಗಿ ನಿಲ್ಲುತ್ತದೆ, ಅದಕ್ಕಿಂತ ಮುಖ್ಯವಾಗಿ, ಹಿಂದೆ ಕೂತ ಮಕ್ಕಳು ಬಾಗಿಲು ತಲುಪುವ ದಾರಿಯೇ ಮುಚ್ಚಿಹೋಗುತ್ತದೆ. ಅಪಘಾತವಾದಾಗ ಅಥವಾ ಬೆಂಕಿ ಹೊತ್ತಿಕೊಂಡಾಗ ಆ ಮಕ್ಕಳನ್ನು ಹೊರಗೆಳೆಯುವುದು ಹೇಗೆ ಎಂದು ಸಾಮಾನು ತುಂಬುವ ಮೊದಲೇ ಯೋಚಿಸಬೇಕಲ್ಲವೇ?

ಆದ್ದರಿಂದ ಬಿಚ್ಚುವುದಾದರೆ ಹಿಂದಿನಿಂದ ಬಿಚ್ಚಬೇಕು. ಚಾಲಕರ ಹಿಂದೆ ನಾಲ್ಕು ಸಾಲುಗಳಿರುವ ವ್ಯಾನಿನಲ್ಲಿ ಆರೇಳು ಜನರ ಕುಟುಂಬಕ್ಕೆ ಮೊದಲ ಎರಡು ಸಾಲು ಸಾಕು. ಕೊನೆಯ ಎರಡು ಸಾಲುಗಳ ಜಾಗ ಸಾಮಾನಿಗೆ ಸಿಗುತ್ತದೆ. ಹಾಗೆಂದು ಭಾರವಾದದ್ದನ್ನೆಲ್ಲ ಹಿಂಬಾಗಿಲ ಬಳಿ ಇಟ್ಟರೆ ಮೇಲೆ ಹೇಳಿದ 103 ಕಿಲೊದ ತೊಂದರೆಯನ್ನು ಮತ್ತೆ ಮೈಮೇಲೆ ಎಳೆದುಕೊಂಡಂತೆ. ಭಾರದ ಪೆಟ್ಟಿಗೆಗಳು ನೆಲಕ್ಕೆ ತಾಗಿ, ಉಳಿದ ಸೀಟಿನ ಬೆನ್ನಿಗೆ ಒತ್ತಿಕೊಂಡು ಕೂರಬೇಕು. ಹಾಸಿಗೆ, ಬಟ್ಟೆಯಂಥ ಹಗುರ ವಸ್ತುಗಳು ಬಾಗಿಲ ಕಡೆಗೆ ಹೋಗಲಿ. ಪ್ರಯಾಣಕ್ಕೆ ಸಾಮಾನು ತುಂಬುವಾಗ ಸಾಮಾನ್ಯವಾಗಿ ಇದು ತಲೆಕೆಳಗಾಗುತ್ತದೆ, ಏಕೆಂದರೆ ಭಾರದ ವಸ್ತುವನ್ನು ಕೊನೆಗೆ ತಂದು ಬಾಗಿಲ ಅಂಚಿಗೇ ಇಡುವುದು ಬೆನ್ನಿಗೆ ಹಗುರ.

ಹೀಗೆ ಇಟ್ಟ ಸಾಮಾನು ಅಲ್ಲೇ ಉಳಿಯಬೇಕು ಎಂಬುದು ಮುಂದಿನ ಮಾತು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುವ ವಸ್ತುವಿನಲ್ಲಿರುವ ಶಕ್ತಿ ಅದು ಸುಮಾರು 10 ಮೀಟರ್ ಎತ್ತರದಿಂದ ಬಿದ್ದಾಗ ಇರುವಷ್ಟು. 80 ಕಿಲೋಮೀಟರ್ ವೇಗದಲ್ಲಿ ಆ ಎತ್ತರ 25 ಮೀಟರ್ ಆಗುತ್ತದೆ. 50ರ ವೇಗದ ವಾಹನ ಡಿಕ್ಕಿ ಹೊಡೆದು ಅರ್ಧ ಮೀಟರಿನೊಳಗೆ ನಿಂತರೆ, 20 ಕಿಲೊದ ಪೆಟ್ಟಿಗೆಯೊಂದು ಮುಂದಿನ ಸೀಟನ್ನು ಸರಾಸರಿ 400 ಕಿಲೊ ಭಾರದಷ್ಟು ಬಲದಿಂದ ತಳ್ಳುತ್ತದೆ. ಸೀಟಿನ ಬೆನ್ನು ತಡೆಯುತ್ತದೆ ಎಂಬ ಭರವಸೆಗೂ ಮಿತಿಯಿದೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 17ನೆಯದು ಚಾಲಕರನ್ನು ಬಿಟ್ಟು ಎಂಟು ಜನರವರೆಗೆ ಕೂರುವ ವಾಹನಗಳ ಸೀಟುಬೆನ್ನನ್ನು ಪರೀಕ್ಷಿಸುವ ಕ್ರಮ ಹೇಳುತ್ತದೆ: ಸೀಟಿನ ಹಿಂದೆ ತಲಾ 18 ಕಿಲೊದ ಎರಡು ದಿಮ್ಮಿಗಳನ್ನಿಟ್ಟು, ಸುಮಾರು 50 ಕಿಲೋಮೀಟರ್ ವೇಗದ ಡಿಕ್ಕಿಯನ್ನು ಅನುಕರಿಸಿ, ಬೆನ್ನು ಎಷ್ಟು ಬಾಗುತ್ತದೆ ಎಂದು ನೋಡುತ್ತಾರೆ. ಎರಡು ದಿಮ್ಮಿ ಸೇರಿ 36 ಕಿಲೊ. ನಾವು ಸೀಟಿನ ಬೆನ್ನಿನ ಹಿಂದೆ ಮುನ್ನೂರು ಕಿಲೊ ಪೇರಿಸಿ ನಿಶ್ಚಿಂತರಾಗಿರುತ್ತೇವೆ. ಹಾಗಾಗಿ ಜನರಿಗೂ ಸರಕಿಗೂ ನಡುವೆ ವಾಹನದ ಚೌಕಟ್ಟಿಗೇ ಬಿಗಿದ ಉಕ್ಕಿನ ಜಾಲರಿ ಬೇಕು, ಸಾಮಾನನ್ನು ನೆಲದ ಕೊಂಡಿಗಳಿಗೆ, ಹಿಡಿ ಎಳೆದು ಬಿಗಿ ಮಾಡುವ ರ‍್ಯಾಚೆಟ್ ಬೆಲ್ಟಿನಿಂದ ಬಿಗಿಯಬೇಕು. ರಸ್ತೆಯಲ್ಲಿ ಸರಕು ಬಿಗಿಯುವ ಯುರೋಪಿನ ಮಾನದಂಡದ ಪ್ರಕಾರ ಬಿಗಿತವು ಸರಕಿನ ತೂಕದ ಹತ್ತರಲ್ಲಿ ಎಂಟು ಪಾಲು ಬಲವನ್ನು ಮುಂದಕ್ಕೆ, ಅರ್ಧದಷ್ಟನ್ನು ಪಕ್ಕಕ್ಕೂ ಹಿಂದಕ್ಕೂ ತಡೆಯಬೇಕು. ಅದೂ ಗಟ್ಟಿ ಬ್ರೇಕು ಹಾಕಿದಾಗಿನ ಲೆಕ್ಕವೇ ಹೊರತು ಡಿಕ್ಕಿಯದಲ್ಲ. ಸೀಟಿನ ಕಾಲಿಗೋ ಖಾಲಿ ಸೀಟಿನ ಬೆಲ್ಟಿಗೋ ಹಗ್ಗ ಕಟ್ಟುವುದನ್ನು ದಯವಿಟ್ಟು ಬಿಡಬೇಕು.

ಇನ್ನು ಬೆಲ್ಟು. ಸರಿಸಿದ ಸೀಟಿನಲ್ಲಿ ಕೂತವರ ಪ್ರಾಣ ಇದರ ಮೇಲೆ ನಿಂತಿದೆಯಾದರೂ ಅತಿ ಕಡಿಮೆ ಗಮನ ಸಿಗುವುದು ಇದಕ್ಕೇ. ಅನೇಕ ವ್ಯಾನ್‌ಗಳಲ್ಲಿ ಭುಜದ ಬೆಲ್ಟು ಇಳಿದುಬರುವುದು ಗೋಡೆಯ ಕಂಬದಿಂದ. ಸೊಂಟದ ಬಕಲ್ ಮಾತ್ರ ಸೀಟಿನಲ್ಲೋ ನೆಲದಲ್ಲೋ ಇರುತ್ತದೆ. ಅಂಥ ಸೀಟನ್ನು ಕಾಲಿಗೆ ಜಾಗ ಸಿಗಲೆಂದು ಒಂದು ಗೇಣು ಹಿಂದಕ್ಕೆ ಸರಿಸಿದರೆ ಕಂಬ ಈಗ ಭುಜಕ್ಕಿಂತ ಮುಂದೆ ಉಳಿಯುತ್ತದೆ. ಬೆಲ್ಟು ಎದೆಯ ಮೇಲೆ ಒತ್ತಿ ಕೂರದೆ ಭುಜದಿಂದ ಎದ್ದು ನಿಲ್ಲುತ್ತದೆ. ಡಿಕ್ಕಿಯಾದಾಗ ದೇಹ ಮುಂದಕ್ಕೆ ಹಾರಿದ ಮೇಲಷ್ಟೇ ಅದು ಹಿಡಿಯುತ್ತದೆ. ಸೀಟನ್ನು ಅತಿಯಾಗಿ ಮುಂದಕ್ಕೆ ತಂದರೂ ಬೆಲ್ಟಿನ ಕೋನ ಕೆಟ್ಟು, ಗಿಡ್ಡ ಮೈಕಟ್ಟಿನವರಿಗೆ ಅದು ಕುತ್ತಿಗೆಗೆ ಉಜ್ಜುತ್ತದೆ. ಕೂತು, ಬೆಲ್ಟು ಹಾಕಿ, ಪಕ್ಕದಲ್ಲಿ ನಿಂತ ಇನ್ನೊಬ್ಬರು ನೋಡಿದರೆ ಸಾಕು, ಪಟ್ಟಿ ಕಾಲರ್ ಎಲುಬಿನ ನಡುವೆ ಹಾದು ಸೊಂಟದ ಮೂಳೆಯ ಮೇಲೆ ಕೂತಿದೆಯೇ ಎಂಬುದು ಕಣ್ಣಿಗೇ ತಿಳಿಯುತ್ತದೆ.

ಬೆಲ್ಟು ಪೂರ್ತಿಯಾಗಿ ಸೀಟಿಗೇ ಅಂಟಿಕೊಂಡಿರುವ ಬೆಂಚುಗಳಲ್ಲಿ ಈ ಕೋನದ ಸಮಸ್ಯೆಯಿಲ್ಲ, ಆದರೆ ಅಲ್ಲಿ ಇಡೀ ಎಳೆತ ನೆಲಕ್ಕೆ ಬರುತ್ತದೆ. ಎಷ್ಟು ಎಳೆತ? ವಿಶ್ವಸಂಸ್ಥೆಯ 14ನೆಯ ನಿಯಮದಂತೆ ಎಂಟು ಪ್ರಯಾಣಿಕರವರೆಗಿನ ವಾಹನದಲ್ಲಿ ಒಬ್ಬರ ಭುಜದ ಪಟ್ಟಿಗೂ ಸೊಂಟದ ಪಟ್ಟಿಗೂ ತಲಾ 1,350 ಡೆಕಾನ್ಯೂಟನ್, ಅಂದರೆ ಒಂದೊಂದಕ್ಕೂ ಸುಮಾರು 1,375 ಕಿಲೊ ತೂಗುಬಿಟ್ಟಷ್ಟು ಬಲ ಹಾಕಿ ಪರೀಕ್ಷಿಸಬೇಕು. ಬೆಲ್ಟು ಸೀಟಿಗೇ ಇದ್ದರೆ ಸೀಟಿನ ತೂಕದ ಇಪ್ಪತ್ತು ಪಟ್ಟನ್ನೂ ಅದಕ್ಕೆ ಸೇರಿಸಬೇಕು. ಹೆಚ್ಚು ಆಸನಗಳ ವಾಹನಗಳಿಗೆ ಈ ಅಂಕಿ ಕಡಿಮೆಯಾದರೂ ಅಲ್ಲೂ ಅದು ನೂರಾರು ಕಿಲೊಗಳ ಮಾತೇ. ಇಂಥ ಬಲವನ್ನು ತಡೆಯಲೆಂದು ತಯಾರಕರು ನೆಲದಡಿಯಲ್ಲಿ ದಪ್ಪ ಪಟ್ಟಿಗಳನ್ನು ಬೆಸೆದಿರುತ್ತಾರೆ. ಆ ಪಟ್ಟಿ ಇಲ್ಲದ ಕಡೆ ತಗಡಿಗೆ ತೂತು ಕೊರೆದು, ಸಣ್ಣ ವಾಷರ್ ಹಾಕಿ, ಕೈಗೆ ಸಿಕ್ಕ ಬೋಲ್ಟಿನಿಂದ ಬಿಗಿದ ಸೀಟು ಅಲುಗಾಡಿಸಿದಾಗ ಬಂಡೆಯಂತೆಯೇ ನಿಲ್ಲುತ್ತದೆ. ಡಿಕ್ಕಿಯಲ್ಲಿ ಆ ವಾಷರ್ ತಗಡನ್ನು ಹರಿದುಕೊಂಡು ಮೇಲೆ ಬರುತ್ತದೆ. ಕೈಯಿಂದ ಅಲುಗಾಡಿಸಿ ಇದನ್ನು ಕಂಡುಹಿಡಿಯಲು ಯಾರಿಗೂ ಸಾಧ್ಯವಿಲ್ಲ. ಹಳಿಯಿರುವ ವ್ಯಾನ್‌ಗಳಲ್ಲಿ ಬೇರೊಂದು ಅಪಾಯವಿದೆ. ಸೀಟಿಲ್ಲದಾಗ ಆ ಸಂದಿನಲ್ಲಿ ಮರಳು, ಸಣ್ಣ ಕಲ್ಲು, ಪ್ಯಾಕಿಂಗ್ ಚೂರು ತುಂಬಿ ಗಟ್ಟಿಯಾಗುತ್ತದೆ. ಸೀಟನ್ನು ಮರಳಿ ಕೂರಿಸಿದಾಗ ಮುಂದಿನ ಕೊಕ್ಕೆ ಸಿಕ್ಕಿ, ಹಿಂದಿನದು ಕಸದ ಮೇಲೆ ಕೂತು ಅರ್ಧ ಮಾತ್ರ ಮುಚ್ಚಿರುತ್ತದೆ, ಮೇಲಿನಿಂದ ನೋಡಿದವರಿಗೆ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಬ್ರಶ್ಶಿನಿಂದ ಹಳಿ ಉಜ್ಜಿ, ಟಾರ್ಚು ಹಿಡಿದು ನಾಲ್ಕೂ ಕೊಕ್ಕೆಗಳನ್ನು ಬಗ್ಗಿ ನೋಡಿ, ಸೀಟಿನ ಹಿಂಭಾಗವನ್ನು ಮೇಲಕ್ಕೆ ಎಳೆದು ಪರೀಕ್ಷಿಸಲು ಐದು ನಿಮಿಷ ಸಾಕು.

ಎದುರುಬದುರು ಕೂತು ಮಾತಾಡಲೆಂದು ಮುಂದೆ ನೋಡುವ ಬೆಂಚನ್ನು ಅವೇ ಬೋಲ್ಟುಗಳ ಮೇಲೆ ಹಿಂದುಮುಂದಾಗಿ ತಿರುಗಿಸುವವರಿದ್ದಾರೆ. ಹಿಂದೆ ನೋಡುವ ಸೀಟು ತನ್ನಷ್ಟಕ್ಕೆ ಕೆಟ್ಟದ್ದಲ್ಲ, ಆದರೆ ಅದಕ್ಕೆ ದೇಹದ ಪೂರ್ತಿ ಭಾರ ತಾಳುವ ಬೆನ್ನು ಮತ್ತು ಎತ್ತರದ ತಲೆದಿಂಬು ಇರಬೇಕು. ಮುಂದೆ ನೋಡಲೆಂದು ಮಾಡಿದ ಸೀಟಿಗೆ ಅವು ಇರಬೇಕೆಂದಿಲ್ಲ. ಗೋಡೆಯುದ್ದಕ್ಕೆ ಅಡ್ಡಬೆಂಚು ಹಾಕುವುದು ಇನ್ನೂ ಕೆಟ್ಟದ್ದು, ಅಲ್ಲಿ ಸೊಂಟದ ಪಟ್ಟಿ ಇದ್ದರೂ ಮೇಲ್ದೇಹ ಪಕ್ಕಕ್ಕೆ ಬೀಸಿಹೋಗುತ್ತದೆ. ಮಗುವಿನ ಸೀಟನ್ನಂತೂ ಅದರ ಮೇಲೆ ಕಟ್ಟಲೇಬಾರದು. ಮಗುವಿನ ಸೀಟನ್ನು ವಾಹನದ ಸೀಟಿಗೆ ನೇರವಾಗಿ ಕಚ್ಚಿಸುವ ಐಸೋಫಿಕ್ಸ್ ಕೊಂಡಿಗಳು ಕೆಲವು ಸೀಟುಗಳಲ್ಲಿ ಮಾತ್ರ ಇರುವುದರಿಂದ, ಯಾವ ಸೀಟನ್ನು ಬಿಚ್ಚಬಾರದು ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಮನೆಯಲ್ಲಿ ಗಾಲಿಕುರ್ಚಿ ಬಳಸುವ ಹಿರಿಯರಿದ್ದರೆ ಅವರ ಜಾಗವನ್ನು ಎಲ್ಲಕ್ಕಿಂತ ಮೊದಲು ಗೊತ್ತುಮಾಡಬೇಕು: ಕುರ್ಚಿ ಮುಂದಕ್ಕೆ ಮುಖಮಾಡಿ ನಿಲ್ಲಬೇಕು, ಅದನ್ನು ನಾಲ್ಕು ಕಡೆ ನೆಲಕ್ಕೆ ಬಿಗಿಯಬೇಕು, ಕೂತವರಿಗೆ ಕುರ್ಚಿಯ ಪಟ್ಟಿಯಲ್ಲದೆ ವಾಹನದ್ದೇ ಬೆಲ್ಟು ಬೇಕು. ಉಳಿದವರ ಸೀಟುಗಳು ಆ ಜಾಗದ ಸುತ್ತ ಹೊಂದಿಕೊಳ್ಳಲಿ.

ಎಲ್ಲ ಜೋಡಿಸಿದ ಮೇಲೆ, ಮನೆಮಂದಿಯನ್ನೂ ಸಾಮಾನನ್ನೂ ತುಂಬಿಸಿಕೊಂಡು ಒಮ್ಮೆ ವೇ ಬ್ರಿಡ್ಜ್‌ಗೆ ಹೋಗುವುದು ಒಳ್ಳೆಯದು. ಇಡೀ ವಾಹನದ ತೂಕವನ್ನೂ, ಮುಂದಿನ ಮತ್ತು ಹಿಂದಿನ ಚಕ್ರಗಳದ್ದನ್ನು ಬೇರೆ ಬೇರೆಯಾಗಿಯೂ ನೋಡಿ, ತಯಾರಕರು ವಾಹನದ ಫಲಕದಲ್ಲಿ ನಮೂದಿಸಿದ ಮಿತಿಗಳೊಂದಿಗೆ ಹೋಲಿಸಬೇಕು. ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಆಕ್ಸಲ್ ಮಿತಿ ಮೀರಿರುವುದು ಸಾಧ್ಯ. ಟೈರಿನ ಗಾಳಿಯನ್ನೂ ಆ ಭಾರಕ್ಕೆ ಹೇಳಿದಷ್ಟೇ ತುಂಬಿಸಬೇಕು. ಸೀಟಿನ ಸಂಖ್ಯೆ ಬದಲಾದರೆ ನೋಂದಣಿ ಮತ್ತು ವಿಮೆಯ ಕಾಗದಗಳನ್ನೂ ನೋಡಿಕೊಳ್ಳಬೇಕು.

ಇಷ್ಟೆಲ್ಲವನ್ನೂ ಕೊಳ್ಳುವವರ ತಲೆಯ ಮೇಲೆಯೇ ಹೊರಿಸುವುದು ಸರಿಯಲ್ಲ. ದೊಡ್ಡ ವ್ಯಾನ್‌ಗಳನ್ನು ಕುಟುಂಬಗಳು ಕೊಂಡು ಹೀಗೆ ಬಳಸುತ್ತವೆ ಎಂಬುದು ತಯಾರಕರಿಗೆ ಗೊತ್ತಿರುವ ಸಂಗತಿಯೇ. ಯಾವ ಯಾವ ಸೀಟು ತೆಗೆಯಬಹುದು, ತೆಗೆದಾಗ ಆ ಜಾಗದಲ್ಲಿ ಎಷ್ಟು ಕಿಲೊ ಇಡಬಹುದು, ಸೀಟನ್ನು ಯಾವ ಯಾವ ಸ್ಥಾನದಲ್ಲಿ ಮರಳಿ ಕಚ್ಚಿಸಬಹುದು, ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂಬುದನ್ನು ಚಿತ್ರಸಮೇತ ಕೈಪಿಡಿಯಲ್ಲಿ ಮುದ್ರಿಸಿ, ಅದರ ಸಾರವನ್ನು ಹಿಂಬಾಗಿಲ ಒಳಬದಿಗೆ ಅಂಟಿಸುವುದು ಅವರಿಗೆ ಕಷ್ಟದ ಕೆಲಸವಲ್ಲ. ಗ್ಯಾರೇಜಿನವರು ನೆಲದಡಿಯ ಪಟ್ಟಿ ಸಿಗದ ಕಡೆ ಸೀಟು ಕೂರಿಸಲು ಒಪ್ಪಬಾರದು. ಗಿರಾಕಿ ಎಷ್ಟೇ ಒತ್ತಾಯ ಮಾಡಿದರೂ ಆಗುವುದಿಲ್ಲ ಎನ್ನುವ ಹಕ್ಕು ಅವರಿಗಿದೆ. ವಾಹನಗಳ ಬಗ್ಗೆ ಬರೆಯುವಾಗ ಪತ್ರಿಕೆಗಳು ಎಂಜಿನ್ನು, ಮೈಲೇಜುಗಳಿಗೆ ಕೊಡುವ ಜಾಗದಲ್ಲಿ ಸ್ವಲ್ಪವನ್ನು ಸೀಟು ಬಿಚ್ಚಿದಾಗ ವ್ಯಾನ್ ಹೇಗೆ ನಡೆಯುತ್ತದೆ, ಸರಕು ಕಟ್ಟಲು ನೆಲದಲ್ಲಿ ಎಷ್ಟು ಕೊಂಡಿಗಳಿವೆ, ಜಾಲರಿ ಕೂರಿಸಲು ತಯಾರಕರೇ ಜಾಗ ಬಿಟ್ಟಿದ್ದಾರೆಯೇ ಎಂಬ ಪರಿಶೀಲನೆಗೆ ಕೊಡಲಿ ಎಂದು ತಮ್ಮಲ್ಲಿ ವಿನಂತಿಸುತ್ತೇನೆ. ಆ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಯಾವ ವ್ಯಾನು ತಮ್ಮ ಮನೆಗೆ ಹೊಂದುತ್ತದೆ ಎಂಬುದನ್ನು ಓದುಗರು ಕೊಳ್ಳುವ ಮೊದಲೇ ನಿರ್ಧರಿಸಿಕೊಳ್ಳಬಹುದು.

ಇಂತಿ,
ತಮ್ಮ ವಿಶ್ವಾಸಿ ಓದುಗ