ಸಿಲ್ಕ್ ಬೋರ್ಡ್ ಟ್ರಾಫಿಕ್ಕೇ ಕಾಯಿಲೆ ಅಂದುಕೊಂಡಿದ್ದೆವು

ಮೊನ್ನೆ ಗುರುವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಥೀಸಿಸ್‌ನ ಮೊದಲ ಪುಟದಲ್ಲಿ ಎಲ್ಲರಿಗೂ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿದ್ದೇನೆ. ಅದು ತಲುಪಬೇಕಾದ ಅರ್ಧ ಜನ ಆ ಪುಟ ತೆರೆಯುವವರೇ ಅಲ್ಲ. ಅದಕ್ಕೇ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನು ಅಂತ ನೆಂಟರು ಆರು ವರ್ಷದಿಂದ ಕೇಳುತ್ತಲೇ ಇದ್ದಾರೆ. ಸಕ್ಕರೆ ಕಾಯಿಲೆ ಇರುವ ಹಲವರಲ್ಲಿ ಕಿಡ್ನಿ ನಿಧಾನವಾಗಿ ಹಾಳಾಗುತ್ತದೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಏರಿತು ಅಂತ ಗೊತ್ತಾಗುವ ಹೊತ್ತಿಗೆ ಎಷ್ಟೋ ಸಲ ಕಿಡ್ನಿ ಅರ್ಧ ಸೋತಿರುತ್ತದೆ. ಅದಕ್ಕಿಂತ ಮೊದಲೇ ರಕ್ತದಲ್ಲಿ ಬೇರೇನಾದರೂ ಸುಳಿವು ಸಿಗುತ್ತದಾ ಅಂತ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಹುಡುಕುವುದು ನನ್ನ ಕೆಲಸ. ಸಣ್ಣ ಸಣ್ಣ ಅಣುಗಳನ್ನು ತೂಕದ ಮೇಲೆ ಗುರುತಿಸುವ ಯಂತ್ರ ಅದು.

ಮೂರನೇ ವರ್ಷ ಸುಳಿವು ಸಿಕ್ಕೇಬಿಟ್ಟಿತು. ರೋಗಿಗಳು ಒಂದು ಕಡೆ, ಆರೋಗ್ಯವಂತರು ಇನ್ನೊಂದು ಕಡೆ, ಗೆರೆ ಎಳೆದ ಹಾಗೆ ಬೇರೆಯಾದರು. ಲ್ಯಾಬಿನಲ್ಲಿ ಸ್ವೀಟ್ ಹಂಚಿದೆವು. (ಈಗ ನೆನೆಸಿಕೊಂಡರೆ ನಾಚಿಕೆ.)

ಅದೇ ವಾರ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಸಿಸ್ಟರ್ ಹತ್ತಿರ ಖುಷಿಯಿಂದ ಹೇಳಿಕೊಂಡೆ. ಅವರು ಟ್ಯೂಬಿಗೆ ಲೇಬಲ್ ಅಂಟಿಸುತ್ತಾ, ತಲೆ ಎತ್ತದೆ, "ಅಲ್ಲಾ ಕಣಮ್ಮಾ, ನಾನು ಒಂಬತ್ತಕ್ಕೆ ತೆಗೆದಿದ್ದು ನಿಮ್ಮ ಲ್ಯಾಬ್ ಸೇರೋದು ಹನ್ನೆರಡಕ್ಕೆ. ದೋಸೆ ಹಿಟ್ಟು ಹೊರಗಿಟ್ಟರೆ ಹುಳಿ ಬರಲ್ವಾ?" ಅಂದರು.

ನನಗೆ ಅಲ್ಲೇ ಕಾಲು ಸೋತಿತು.

ಆಸ್ಪತ್ರೆ ಇರುವುದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ, ಲ್ಯಾಬ್ ಹೆಬ್ಬಾಳದ ಆಚೆ, ನಡುವೆ ಸಿಲ್ಕ್ ಬೋರ್ಡ್ ಟ್ರಾಫಿಕ್. ಟ್ಯೂಬಿನೊಳಗೂ ರಕ್ತಕಣಗಳು ಬದುಕಿಯೇ ಇರುತ್ತವೆ. ಕೋಣೆಯ ಬಿಸಿಯಲ್ಲಿ ಹಾಗೇ ಬಿಟ್ಟರೆ ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಗ್ಲೂಕೋಸ್ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಹಿಟ್ಟು ಹುಳಿಯಾಗುವುದೂ ಅದೇ ಆಮ್ಲದಿಂದ! ಆರೋಗ್ಯವಂತರ ರಕ್ತವನ್ನು ಮಾತ್ರ ನಾವು ಲ್ಯಾಬಿನಲ್ಲೇ ತೆಗೆದು ಹತ್ತು ನಿಮಿಷದಲ್ಲಿ ಸೆಂಟ್ರಿಫ್ಯೂಜಿಗೆ, ಅಂದರೆ ಗಿರಗಿರ ತಿರುಗಿಸಿ ರಕ್ತಕಣಗಳನ್ನು ಬೇರೆ ಮಾಡುವ ಯಂತ್ರಕ್ಕೆ, ಹಾಕುತ್ತಿದ್ದೆವು. ಅಂದರೆ ನಮ್ಮ ಯಂತ್ರ ಕಂಡುಹಿಡಿದಿದ್ದು ಕಿಡ್ನಿ ಕಾಯಿಲೆಯನ್ನಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು.

ಗೈಡ್‌ಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕಪಾಟಿನಿಂದ ಒಂದು ಹಳೇ ಪ್ರಬಂಧ ತೆಗೆದು ಕೊಟ್ಟರು. ರಕ್ತದ ಪ್ರೋಟೀನ್ ನಮೂನೆ ನೋಡಿ ಅಂಡಾಶಯದ ಕ್ಯಾನ್ಸರ್ ಹಿಡಿಯಬಹುದು ಅಂತ 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದು ಭಾರಿ ಸುದ್ದಿಯಾದದ್ದು. 50 ಕ್ಯಾನ್ಸರ್ ಸ್ಯಾಂಪಲ್ಲುಗಳಲ್ಲಿ 50ನ್ನೂ ಗುರುತಿಸಿತ್ತು. ಆಮೇಲೆ ಹ್ಯೂಸ್ಟನ್ನಿನ ಸಂಖ್ಯಾಶಾಸ್ತ್ರಜ್ಞ ಕೀತ್ ಬ್ಯಾಗರ್ಲಿ ಮತ್ತವರ ಜೊತೆಯವರು ಆ ಗುಂಪಿನ ಡೇಟಾ ಕೆದಕಿದರು. ವ್ಯತ್ಯಾಸ ಕಾಯಿಲೆಯದೋ, ಸ್ಯಾಂಪಲ್ಲುಗಳನ್ನು ಯಂತ್ರದಲ್ಲಿ ಓಡಿಸಿದ ರೀತಿಯದೋ ಅನ್ನುವ ಅನುಮಾನ ಎದ್ದಿತು. "ನಮ್ಮದನ್ನು ಬೇರೆಯವರು ಕೆದಕೋ ಮೊದಲು ನಾವೇ ಹಿಡಿದೆವಲ್ಲ, ಬಿಡಿ" ಅಂದರು ಸರ್. ಎರಡು ವರ್ಷದ ಸ್ಯಾಂಪಲ್ ಪಕ್ಕಕ್ಕೆ ಹೋಯಿತು. ಒಂದು ಮಾತು ಬೈಯಲಿಲ್ಲ. ಸರ್, ಅದಕ್ಕೆ ಥ್ಯಾಂಕ್ಸ್.

ಮತ್ತೆ ಮೊದಲಿಂದ ಶುರು. ಆಸ್ಪತ್ರೆಯ ಮೆಟ್ಟಿಲ ಕೆಳಗೆ ಒಂದು ಪುಟ್ಟ ಸೆಂಟ್ರಿಫ್ಯೂಜ್ ಇಡಲು ಜಾಗ ಕೊಟ್ಟರು. ಈ ಸಲ ಆರೋಗ್ಯವಂತರ ರಕ್ತವನ್ನೂ ಅಲ್ಲೇ, ಅದೇ ಸಿಸ್ಟರ್, ಅದೇ ಥರದ ಟ್ಯೂಬಿನಲ್ಲಿ ತೆಗೆದರು. ರೋಗಿಗಳ ಜೊತೆ ಬಂದವರೇ ಕೈ ಚಾಚಿದರು. ಯಾವುದು ಯಾರದು ಅಂತ ನನಗೆ ಗೊತ್ತಾಗದ ಹಾಗೆ ನಂಬರ್ ಹಾಕಿಸಿದೆವು. ಈ ಬಾರಿ ಬಂದ ಫಲಿತಾಂಶ ಮೊದಲಿನಷ್ಟು ಚೆಂದ ಇಲ್ಲ. ಗೆರೆ ಎಳೆದ ಹಾಗಂತೂ ಇಲ್ಲವೇ ಇಲ್ಲ. ಆದರೆ ನಿಜ.

ತೊಡೆಯ ಮೇಲೆ ಥರ್ಮಾಕೋಲ್ ಡಬ್ಬಿ ಇಟ್ಟುಕೊಂಡು ಕೂತಿರುತ್ತಿದ್ದ ನನ್ನನ್ನು ಹಳ್ಳ ತಪ್ಪಿಸಿ ಕರೆದುಕೊಂಡು ಹೋದ ಆಟೋ ಅಣ್ಣನಿಗೆ ಥ್ಯಾಂಕ್ಸ್. ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟವರಿಗೆ, ಅದರಲ್ಲೂ "ನಂದ್ರಲ್ಲಿ ಏನ್ ಸಿಕ್ತು ಹೇಳವ್ವಾ" ಅಂತ ಎರಡು ಸಲ ವಿಚಾರಿಸಿದ ಅಜ್ಜಿಗೆ. ಅಜ್ಜಿ, ನಿಮ್ಮ ನಂಬರ್ ಯಾವುದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಸಿಸ್ಟರ್, ಸೋಮವಾರ ಬೆಳಗ್ಗೆ ಬರುತ್ತಿದ್ದೇನೆ, ಅಮ್ಮ ಮಾಡಿದ ಹೋಳಿಗೆ ತಗೊಂಡು. ಸೆಂಟ್ರಿಫ್ಯೂಜ್ ಒಯ್ಯೋಕಲ್ಲ. ಮುಂದಿನ ಹುಡುಗನಿಗೆ ಬೇಕು, ಅದು ಅಲ್ಲೇ ಇರಲಿ.