30 ವರ್ಷದ ಇಸಿ ತೆಗೆಸ್ತೀರ, ತಾರಸಿ ಹತ್ತಿ ನೋಡಲ್ವಾ?

ಮಾನ್ಯ ಸಂಪಾದಕರೇ,

ಹೋದ ಶನಿವಾರದ ಪುರವಣಿಯಲ್ಲಿ ಹಳೇ ಮನೆ ತಗೊಳ್ಳೋರಿಗೆ ಅಂತ ಅರ್ಧ ಪುಟ ಸಲಹೆ ಹಾಕಿದ್ರಿ. ಮೂಲ ಕ್ರಯಪತ್ರ ನೋಡಿ, 30 ವರ್ಷದ ಇಸಿ (ಆಸ್ತಿ ಮೇಲೆ ಸಾಲ, ವಹಿವಾಟು ಏನಿದೆ ಅಂತ ತೋರಿಸೋ ಋಣಭಾರ ಪತ್ರ) ತೆಗೆಸಿ, ಇ-ಖಾತೆ ಆಗಿದ್ಯಾ ಕೇಳಿ, ಕಂದಾಯದ ರಸೀದಿ, ವಂಶವೃಕ್ಷ, ಎಲ್ಲಾ ಸರಿ. ಆದ್ರೆ ಮನೆ ಬಗ್ಗೆ ಒಂದು ಸಾಲೂ ಇರ್ಲಿಲ್ಲ ಸ್ವಾಮಿ. ಕಾಗದ ನೋಡೋಕೆ ಲಾಯರ್ ಇದ್ದಾರೆ, ಗೋಡೆ ನೋಡೋಕೆ ಯಾರಿದ್ದಾರೆ? ಬ್ಯಾಂಕಿನವರು ವ್ಯಾಲ್ಯುವರ್ ಕಳಿಸ್ತಾರಲ್ಲ ಅಂತೀರೇನೋ, ಆತ ಬಂದು ಟೇಪ್ ಹಿಡೀತಾನೆ, ಮೊಬೈಲಲ್ಲಿ ನಾಲ್ಕು ಫೋಟೋ ತೆಗೀತಾನೆ, ಕಾಫಿ ಕುಡಿದು ಹೋಗ್ತಾನೆ. ಆತನ ಕೆಲಸ ಸಾಲ ಎಷ್ಟು ಕೊಡಬಹುದು ಅಂತ ಬ್ಯಾಂಕಿಗೆ ಹೇಳೋದು ಅಷ್ಟೇ, ನಿಮ್ಮ ಬಚ್ಚಲು ಸೋರತ್ತಾ ಇಲ್ವಾ ಅಂತ ನೋಡೋದಲ್ಲ.

ನಾನು ಪಿಡಬ್ಲ್ಯೂಡಿಯಲ್ಲಿ 31 ವರ್ಷ ಕೆಲಸ ಮಾಡಿ ರಿಟೈರ್ ಆದವನು. ಈಗ ನೆಂಟರು ಯಾರಾದ್ರೂ ಮೈಸೂರಲ್ಲಿ ಹಳೇ ಮನೆ ತಗೊಳ್ಳೋಕೆ ಹೊರಟ್ರೆ ನನ್ನನ್ನ ಕರ್ಕೊಂಡು ಹೋಗ್ತಾರೆ, ಫೀಸ್ ಅಂದ್ರೆ ಒಂದು ಮಸಾಲೆ ದೋಸೆ. ಕೈಚೀಲದಲ್ಲಿ ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಒಂದು ಗೋಲಿ. ಗೋಲಿ ಯಾಕೆ ಅಂದ್ರೆ ನೆಲದ ಮೇಲೆ ಬಿಟ್ರೆ ಸಾಕು, ಯಾವ ಮೂಲೆ ಕುಸಿದಿದೆ ಅಂತ ಅದೇ ಹೋಗಿ ತೋರ್ಸತ್ತೆ.

ಎಲ್ಲರೂ ಮೊದಲು ಹಾಲ್, ಕಿಚನ್ನು, ವಾಸ್ತು ನೋಡ್ತಾರೆ, ನಾನು ಸೀದಾ ತಾರಸಿಗೆ ಹೋಗ್ತೀನಿ. ಪ್ಯಾರಾಪೆಟ್ ಸಂದಿಯಲ್ಲಿ ಅರಳಿ ಗಿಡ ಎದ್ದಿದ್ಯಾ ನೋಡಿ, ಮೇಲೆ ಕಾಣೋದು ನಾಲ್ಕೇ ಎಲೆ, ಬೇರು ಗೋಡೆ ಒಳಗೆ ಎಷ್ಟು ಮಾರು ಇಳಿದಿರತ್ತೋ ದೇವರಿಗೇ ಗೊತ್ತು. ಆಮೇಲೆ ಒಂದು ಬಕೆಟ್ ನೀರು ಸುರೀರಿ, ಎಲ್ಲಿಗೆ ಹೋಗತ್ತೆ, ಎಲ್ಲಿ ನಿಲ್ಲತ್ತೆ ನೋಡಿ. ಇನ್ನೊಂದು ವಿಷಯ ಯಾರೂ ಗಮನಿಸಲ್ಲ, ಸೋರಿದಾಗೆಲ್ಲ ಮೇಸ್ತ್ರಿ ಕರೆಸಿ ಮೇಲೊಂದು ಇಂಚು ಸಿಮೆಂಟ್ ಗಾರೆ ಬಳಿಸಿಬಿಡ್ತಾರೆ, ಹತ್ತು ವರ್ಷಕ್ಕೆ ಮತ್ತೆ ಸೋರತ್ತೆ, ಮತ್ತೊಂದು ಇಂಚು. ಒಂದು ಚದರಕ್ಕೆ, ಅಂದ್ರೆ ನೂರು ಚದರಡಿಗೆ, ಒಂದು ಇಂಚು ಗಾರೆ ಅಂದ್ರೆ ಹತ್ತತ್ರ ಅರ್ಧ ಟನ್ ತೂಕ! 10 ಚದರದ ಮನೆಗೆ ಮೂರು ಸಲ ಬಳಿಸಿದ್ರೆ 15 ಟನ್, ಅದರ ಮೇಲೆ ಸಾವಿರ ಲೀಟರಿನ ಟ್ಯಾಂಕ್ ಎರಡು, ಪಾಪ ಆ ಮೋಲ್ಡು (ಕಾಂಕ್ರೀಟ್ ಚಾವಣಿ) 1980ರಲ್ಲಿ ಇದಕ್ಕೆಲ್ಲ ಲೆಕ್ಕ ಹಾಕಿ ಹಾಕಿದ್ದಲ್ಲ.

ಆಮೇಲೆ ಕೆಳಗೆ ಬಂದು ತಲೆ ಎತ್ತಿ ಮೋಲ್ಡಿನ ಅಡಿಭಾಗ ನೋಡ್ಬೇಕು. ಕಂಬಿ ತುಕ್ಕು ಹಿಡಿದ್ರೆ ಆ ತುಕ್ಕು ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಕೇಳತ್ತೆ, ಒಳಗೆ ಜಾಗ ಇಲ್ಲ, ಅದಕ್ಕೆ ಕೆಳಗಿನ ಕಾಂಕ್ರೀಟನ್ನ ಸಿಪ್ಪೆ ತರ ಎಬ್ಬಿಸಿ ಬೀಳ್ಸತ್ತೆ. ಕಂಬಿ ಕೆಳಗೆ 15-20 ಎಂಎಂ ಕಾಂಕ್ರೀಟ್ ಇರ್ಬೇಕು, ಆದ್ರೆ ಆಗಿನ ಎಷ್ಟೋ ಮನೆಗಳಲ್ಲಿ ಕಂಬಿ ಕೆಳಗೆ ಜಲ್ಲಿಕಲ್ಲಿನ ಚೂರು ಇಟ್ಟು ಕಾಂಕ್ರೀಟ್ ಸುರಿದುಬಿಡ್ತಿದ್ರು, ಕೆಲಸದೋರು ತುಳಿದಾಗ ಆ ಚೂರು ಜಾರಿ ಕಂಬಿ ಸೆಂಟ್ರಿಂಗ್ ಹಲಗೆಗೇ ಅಂಟ್ಕೊಂಡಿರತ್ತೆ. ನೇರ ಗೆರೆ ಎಳೆದಂಗೆ ಬಿರುಕು ಕಂಡ್ರೆ, ಕಂದು ಕಲೆ ಕಂಡ್ರೆ, ಸುತ್ತಿಗೆ ಹಿಡಿಯಲ್ಲಿ ತಟ್ಟಿದಾಗ ಟಣ್ ಅನ್ನೋ ಬದಲು ಡಬ್ ಅಂದ್ರೆ ಅಲ್ಲಿ ಕಂಬಿ ಹೋಗ್ತಾ ಇದೆ ಅಂತ ಅರ್ಥ. ಬಚ್ಚಲಮನೆ, ಸಜ್ಜಾ, ಟ್ಯಾಂಕಿನ ಕೆಳಗಿನ ಭಾಗ, ಮೊದಲು ಈ ಮೂರು ಜಾಗ ನೋಡಿ.

ಹೋದ ವರ್ಷ ಕುವೆಂಪುನಗರದಲ್ಲಿ ಒಂದು ಮನೆ ನೋಡೋಕೆ ಹೋಗಿದ್ವಿ, ನನ್ನ ಷಡ್ಡಕನ ಮಗನಿಗೆ. ಪೇಂಟ್ ವಾಸನೆ ಇನ್ನೂ ಹೋಗಿರ್ಲಿಲ್ಲ. ಮನೆಯಲ್ಲೆಲ್ಲೂ ಇಲ್ಲದ ಫಾಲ್ಸ್ ಸೀಲಿಂಗು ಒಂದೇ ಒಂದು ರೂಮಿಗೆ, ಅದೂ ಮಹಡಿ ಬಚ್ಚಲಿನ ಸರಿಯಾಗಿ ಕೆಳಗಿನ ರೂಮಿಗೆ ಹಾಕ್ಸಿದ್ರು. ನಾನು ಸ್ಟೂಲ್ ತರ್ಸಿ, ಲೈಟು ಬಿಚ್ಚಿ ಆ ತೂತಲ್ಲಿ ಟಾರ್ಚ್ ಬಿಟ್ಟು ನೋಡಿದ್ರೆ ಕಂಬಿ ಪಕ್ಕೆಲುಬಿನ ತರ ನೇತಾಡ್ತಿದೆ. ಓನರ್ ನನ್ನ ಹುಡುಗನ್ನ ಪಕ್ಕಕ್ಕೆ ಕರೆದು ನಿಮ್ಮ ದೊಡ್ಡಪ್ಪ ಏನು ಸಿಬಿಐನಾ ಅಂತ ಕೇಳಿದ್ರಂತೆ. ನಾವು ಬಿಟ್ವಿ, ಎರಡು ತಿಂಗಳಲ್ಲಿ ಬೇರೆ ಯಾರೋ ತಗೊಂಡ್ರು, ಇಸಿ ಕ್ಲೀನಾಗಿತ್ತಲ್ಲ.

ಅಗ್ರಹಾರ, ಚಾಮರಾಜಪುರಂ ಕಡೆ ಇನ್ನೂ ಹಳೇ ಮನೆಗಳು, ಅಂದ್ರೆ ಮರದ ಜಂತೆ ಮೇಲೆ ಇಟ್ಟಿಗೆ ಕೂರಿಸಿ ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ, ಇಲ್ಲಾ ಮಂಗಳೂರು ಹೆಂಚು. ಅಲ್ಲಿ ಜಂತೆ ಮಧ್ಯದಲ್ಲಿ ನೋಡಿ ಪ್ರಯೋಜನ ಇಲ್ಲ, ಗೋಡೆ ಒಳಗೆ ಹೋಗೋ ತುದಿಯಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡ್ಬೇಕು, ಥಂಡಿ ಹಿಡಿಯೋದು ಅಲ್ಲೇ, ಗೆದ್ದಲು ಬರೋದೂ ಅಲ್ಲೇ. ಹೊರಗಿಂದ ಎಣ್ಣೆ ಹಚ್ಚಿ ಮಿಂಚ್ತಿರೋ ತೊಲೆ ಒಳಗೆ ರಸ್ಕಿನ ತರ ಪುಡಿಯಾಗಿರೋದು ಎಷ್ಟೋ ನೋಡಿದೀನಿ. ಇನ್ನು ಸುಣ್ಣದ ಗಾರೆ ಗೋಡೆಗೆ ಮೇಲಿಂದ ಸಿಮೆಂಟ್ ಬಳಿದಿದ್ರೆ ಬಹಳ ಹುಷಾರು. ಸುಣ್ಣ ಒಳಗಿನ ತೇವನ ಹೊರಗೆ ಬಿಡತ್ತೆ, ಸಿಮೆಂಟ್ ಬಿಡಲ್ಲ, ಗೋಡೆ ಒಳಗೊಳಗೇ ನೆಂದು ಉಪ್ಪು ಬಿಡ್ತಾ ಪೊಳ್ಳಾಗತ್ತೆ. ಹಳೇ ಕಟ್ಟಡ ಹೇಳಿಕೇಳಿ ಬೀಳಲ್ಲ, 2012ರಲ್ಲಿ ನಮ್ಮ ಮೈಸೂರಿನ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಒಂದು ಭಾಗ ಬಿದ್ದಾಗ ಅಂಗಡಿ ಬಾಗಿಲು ತೆಗೆದೇ ಇತ್ತು, 4 ಜನ ಹೋದ್ರು.

ಹಾಗಂತ ಬಿರುಕು ಕಂಡ ತಕ್ಷಣ ಗಾಬರಿ ಬೀಳೋದೂ ಬೇಡ. ಮೋಲ್ಡಿನ ಕೆಳಗೆ ಗೋಡೆ ಉದ್ದಕ್ಕೂ ಅಡ್ಡಡ್ಡಲಾಗಿ ಕೂದಲೆಳೆ ಬಿರುಕು ಇದ್ರೆ ಬಹಳ ಸಲ ಅದು ಬಿಸಿಲಿಗೆ ಮೋಲ್ಡು ಹಿಗ್ಗಿ ಕುಗ್ಗಿ ಆಗಿದ್ದು. ಕಿಟಕಿ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗಿದ್ದು, ಒಂದು ರೂಪಾಯಿ ನಾಣ್ಯ ತೂರೋ ಅಷ್ಟು ಬಾಯಿಬಿಟ್ಟಿದ್ದು, ಅದಕ್ಕೆ ಯೋಚನೆ ಮಾಡ್ಬೇಕು, ತಳಪಾಯ ಒಂದು ಕಡೆ ಕೂತಿದೆ ಅಂತ. ನಾನು ಧಾರವಾಡದಲ್ಲಿ ಸರ್ವೀಸಲ್ಲಿದ್ದಾಗ ಕಲಿತಿದ್ದು, ಎರೆಮಣ್ಣಿನ ಮೇಲೆ ಕಟ್ಟಿದ ಮನೆಯ ಬಿರುಕು ಬೇಸಿಗೇಲಿ ಬಾಯಿಬಿಡತ್ತೆ, ಮಳೆಗಾಲದಲ್ಲಿ ಮಣ್ಣು ಊದ್ಕೊಂಡಾಗ ಮುಚ್ಕೊಳತ್ತೆ, ಆಗಸ್ಟಲ್ಲಿ ನೋಡಿದೋರಿಗೆ ಏನೂ ಕಾಣಲ್ಲ. ಅಡ್ವಾನ್ಸ್ ಕೊಟ್ಟು ಟೈಮ್ ಇದ್ರೆ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಗಾರೆಯಿಂದ ಅಂಟಿಸಿ ತಾರೀಖು ಬರೆದಿಡಿ, ಗಾಜು ಒಡೆದ್ರೆ ಮನೆ ಇನ್ನೂ ಅಲ್ಲಾಡ್ತಿದೆ. ಇನ್ನೊಂದು, ಹಾಲ್ ದೊಡ್ಡದು ಮಾಡೋಕೆ ಅಂತ ಕೆಳಗಿನ ಗೋಡೆ ಒಡೆಸಿರ್ತಾರೆ, ಮಹಡಿ ಮೇಲಿನ ಗೋಡೆ ಕೆಳಗೆ ಗೋಡೆನೋ ಬೀಮೋ ಇದ್ಯಾ ಅಂತ ಖಂಡಿತಾ ನೋಡಿ. ಪಿಲ್ಲರ್ ಇಲ್ಲದ ಮನೇಲಿ ಭಾರ ಹೊರೋದು ಗೋಡೇನೇ.

ವೈರಿಂಗು ಪೈಪಿನ ಬಗ್ಗೆ ಚುಟುಕಾಗಿ ಹೇಳ್ತೀನಿ. ಸ್ವಿಚ್ ಬೋರ್ಡ್ ಹೊಸದಿದ್ರೆ ಮೋಸ ಹೋಗ್ಬೇಡಿ, ಒಂದು ಬಿಚ್ಚಿಸಿ ಒಳಗೆ ಹಸಿರು ವೈರ್, ಅಂದ್ರೆ ಅರ್ಥ್ ಇದ್ಯಾ ನೋಡಿ, ಮೂರು ಪಿನ್ ಸಾಕೆಟ್ ಇರತ್ತೆ, ಮೂರನೇ ತೂತಿಗೆ ವೈರೇ ಇರಲ್ಲ. ಶಾಕ್ ಹೊಡೆದಾಗ ಕರೆಂಟ್ ತಾನೇ ಕಡಿಯೋ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದಿದ್ರೆ ಹಾಕಿಸೋ ಖರ್ಚು ಲೆಕ್ಕಕ್ಕೆ ಹಿಡೀರಿ. ಜಿಐ ಪೈಪು, ಅಂದ್ರೆ ಸತು ಲೇಪದ ಕಬ್ಬಿಣದ ಪೈಪು, ಹೊರಗೆ ಚೆನ್ನಾಗಿದ್ರೂ ಒಳಗೆ ತುಕ್ಕು ಕಟ್ಟಿ ಪೆನ್ಸಿಲ್ ಅಷ್ಟೇ ತೂತು ಉಳಿದಿರತ್ತೆ, ಎರಡು ನಲ್ಲಿ ಒಟ್ಟಿಗೆ ತಿರುಗ್ಸಿ, ನೀರು ಸಣ್ಣಗಾದ್ರೆ ಗೊತ್ತಾಗತ್ತೆ. ಯುಜಿಡಿ (ಒಳಚರಂಡಿ) ಚೇಂಬರ್ ಮುಚ್ಚಳ ತೆಗೆಸಿ, ಹಳೇ ಸ್ಟೋನ್‌ವೇರ್ ಪೈಪಿನ ಜಾಯಿಂಟಲ್ಲಿ ಮರದ ಬೇರು ನುಗ್ಗಿರತ್ತೆ. ಮತ್ತೆ ಹಳೇ ಕಿಟಕಿ ಸರಳು, ಬಾಗಿಲಿನ ಪೇಂಟನ್ನ ಒಣಗಿದ್ದಾಗ ಹಾಗೇ ಉಜ್ಜಿಸ್ಬೇಡಿ, ಅದರಲ್ಲಿ ಸೀಸ ಇರಬಹುದು, ಪೇಂಟಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರ್ದು ಅನ್ನೋ ರೂಲ್ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರಲ್ಲಿ. ಮಕ್ಕಳಿರೋ ಮನೇಲಿ ಆ ಪುಡಿ ಒಳ್ಳೇದಲ್ಲ.

ನನ್ನ ತಂಗಿ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿ 1950ರ ಆಸುಪಾಸಿನ ಮನೆ ತಗೊಂಡಾಗ ಸರ್ಕಾರದ ಲೈಸೆನ್ಸ್ ಇರೋ ಇನ್ಸ್‌ಪೆಕ್ಟರ್ ಬಂದು ಮೂರು ಗಂಟೆ ನೋಡಿದ್ನಂತೆ, ಬೇರೆ ಒಬ್ಬ ಬಂದು ಚರಂಡಿ ಪೈಪಿಗೆ ಕ್ಯಾಮೆರಾ ಬಿಟ್ಟನಂತೆ, ಮನೆ ಬೆಚ್ಚಗಿಡೋಕೆ ಹಿಂದಿನವರು ಅಂಗಳದಲ್ಲಿ ಎಣ್ಣೆ ಟ್ಯಾಂಕ್ ಹೂತಿದ್ದಾರಾ ಅಂತಾನೂ ಹುಡುಕಿದ್ರಂತೆ. 1978ಕ್ಕೆ ಮುಂಚಿನ ಮನೆ ಆದ್ರೆ ಸೀಸದ ಪೇಂಟಿನ ಬಗ್ಗೆ ಗೊತ್ತಿದ್ದಿದ್ದನ್ನ ಮಾರೋರು ಬರೆದುಕೊಡಲೇಬೇಕು ಅಲ್ಲಿ. ಅಲ್ಲಿಯದೆಲ್ಲ ಇಲ್ಲಿಗೆ ಬೇಕು ಅಂತ ನಾನು ಹೇಳ್ತಿಲ್ಲ, ಆದ್ರೆ 80 ಲಕ್ಷ ಕೊಡೋರು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಫೀಸ್ ಕೊಟ್ಟು ಕರ್ಕೊಂಡು ಹೋಗೋಕೆ ಯಾಕೆ ಹಿಂದೆಮುಂದೆ ನೋಡ್ತಾರೋ. ಬರೋ ಎಂಜಿನಿಯರ್ ಬರೀ ಕಾಂಕ್ರೀಟಿನ ಗಟ್ಟಿತನ ಅಳೆಯೋ ರಿಬೌಂಡ್ ಹ್ಯಾಮರ್ ಒತ್ತಿ ನಂಬರ್ ಹೇಳಿ ಹೋದ್ರೆ ಒಪ್ಕೋಬೇಡಿ, ಹಳೇ ಕಾಂಕ್ರೀಟಿನ ಮೇಲ್ಮೈ ಗಾಳಿಗೆ ಗಟ್ಟಿಯಾಗಿ ಇರೋದಕ್ಕಿಂತ ಜಾಸ್ತೀನೇ ತೋರ್ಸತ್ತೆ.

ಮುಂದಿನ ಸಲ ಆ ಸಲಹೆ ಅಚ್ಚು ಹಾಕುವಾಗ ಇಸಿ ಪಕ್ಕ ಇದನ್ನೂ ಸೇರ್ಸಿ: ಜೋರು ಮಳೆ ಬಂದ ಮಾರನೇ ದಿನ, ಬ್ರೋಕರ್‌ಗೆ ಹೇಳದೆ, ಬೆಳಕಿರುವಾಗ ಇನ್ನೊಂದು ಸಲ ಹೋಗಿ ನೋಡಿ ಅಂತ. ಪೇಂಟು ಹೊಡೆಯೋ ಮುಂಚೆ ನೋಡೋಕೆ ಸಿಕ್ಕಿದ್ರಂತೂ ಇನ್ನೂ ಒಳ್ಳೇದು.

ಇಂತಿ,
ನಿಮ್ಮ ಹಳೇ ಓದುಗ, ಮೈಸೂರು

ಮರೆತಿದ್ದೆ, ಹೆಸರು ವಿಳಾಸ ಹಾಕ್ಬೇಡಿ ದಯವಿಟ್ಟು. ಮಂಡಿನೋವು, ಏಣಿ ಹತ್ತೋದು ಈಗೀಗ ಕಷ್ಟ, ನೆಂಟರದ್ದೇ ಇನ್ನೂ ಎರಡು ಮನೆ ಬಾಕಿ ಇದೆ.