ದಕ್ಷಿಣ ಸಾಗರದ ಕ್ರಿಲ್ ಲೆಕ್ಕ: ಕಲಬುರಗಿಯ ಸಂಸದರಿಗೊಂದು ಬಹಿರಂಗ ಪತ್ರ

ಕಲಬುರಗಿ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ಗೌರವಪೂರ್ವಕ ನಮಸ್ಕಾರಗಳು.

ತೊಗರಿಯ ಬೆಲೆ, ಭೀಮಾ ನದಿಯ ನೀರು, ರೈಲು, ರಸ್ತೆ ಎಂದು ಈ ಭಾಗದ ಜನರ ಮನವಿಗಳು ತಮ್ಮನ್ನು ದಿನವೂ ತಲುಪುತ್ತವೆ. ಅವುಗಳ ನಡುವೆ ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದ ಮೀನುಗಾರಿಕೆಯ ಬಗ್ಗೆ, ಅದರಲ್ಲೂ ಕ್ರಿಲ್ ಎಂಬ ಪುಟ್ಟ ಜೀವಿಯ ಬಗ್ಗೆ, ಪತ್ರವೊಂದು ಬಂದದ್ದು ತಮಗೆ ಅಚ್ಚರಿ ತರಬಹುದು. ಆ ಕಡಲಿನಲ್ಲಿ ಯಾರು, ಎಲ್ಲಿ, ಎಷ್ಟು ಹಿಡಿಯಬಹುದು ಎಂಬುದನ್ನು ತೀರ್ಮಾನಿಸುವ ಅಂತರರಾಷ್ಟ್ರೀಯ ಆಯೋಗದಲ್ಲಿ ಭಾರತವು 1986ರಿಂದ ಸದಸ್ಯ ರಾಷ್ಟ್ರವಾಗಿದೆ. ಅಲ್ಲಿ ನಮ್ಮ ದೇಶ ಏನು ಹೇಳುತ್ತಿದೆ, ಯಾವ ಆಧಾರದ ಮೇಲೆ ಹೇಳುತ್ತಿದೆ ಎಂದು ಸದನದಲ್ಲಿ ಕೇಳುವ ಅಧಿಕಾರ ತಮಗಿರುವುದರಿಂದ ಈ ಪತ್ರ.

ನಾನು ಪ್ರಾಣಿಶಾಸ್ತ್ರದ ನಿವೃತ್ತ ಅಧ್ಯಾಪಕ. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ವಯಸ್ಸಾದ ಮೀನುಗಾರರೊಬ್ಬರು ಬಲೆಯ ಕಣ್ಣಿನಲ್ಲಿ ಎರಡು ಬೆರಳು ತೂರಿಸಿ ತೋರಿಸುತ್ತಿದ್ದರು: "ಈ ಕಣ್ಣಾಗ ಎರಡು ಬಟ್ಟು ಹೋಗಬೇಕ್ರಿ ಸರ, ಹೋಗಲಿಲ್ಲಂದ್ರ ಮರಿನೂ ಬರ್ತಾವ." ಅವರಿಂದ ಕೊಂಡ ರೋಹು ಮೀನಿನ ಹುರುಪೆಯೊಂದನ್ನು ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಕಾಂಡದಲ್ಲಿರುವಂತೆ ಒಂದರ ಹೊರಗೊಂದು ಉಂಗುರಗಳು ಕಾಣುತ್ತಿದ್ದವು. ಅವುಗಳನ್ನು ಎಣಿಸಿ ಮೀನಿನ ವಯಸ್ಸನ್ನು ಅಂದಾಜಿಸುವುದು ಮಕ್ಕಳಿಗೆ ಬಲು ಇಷ್ಟದ ಪಾಠ. ರೋಹು ಎರಡು ವರ್ಷಕ್ಕೆಲ್ಲ ಮೊಟ್ಟೆಗೆ ಬರುತ್ತದೆ, ಒಂದು ವರ್ಷ ತಪ್ಪಿದರೂ ಮರಿ ಬಿಟ್ಟು ಸರಿಪಡಿಸಿಕೊಳ್ಳಬಹುದು. ಅಂಟಾರ್ಕ್ಟಿಕಾದ ಟೂತ್‌ಫಿಶ್ ಹಾಗಲ್ಲ. ಅದರ ಕಿವಿಯೊಳಗಿನ ಪುಟ್ಟ ಕಲ್ಲನ್ನು ತೆಳ್ಳಗೆ ಸೀಳಿ ಉಂಗುರ ಎಣಿಸಿದ ವಿಜ್ಞಾನಿಗಳು, ಈ ಮೀನು ಮೊದಲ ಸಲ ಮೊಟ್ಟೆಗೆ ಬರಲು ಸುಮಾರು 13ರಿಂದ 17 ವರ್ಷ ಬೇಕೆಂದು ತೋರಿಸಿದ್ದಾರೆ. ಇಂದು ನಾವು ಮಾಡುವ ತಪ್ಪು ಅಲ್ಲಿ ಕಣ್ಣಿಗೆ ಬೀಳುವ ಹೊತ್ತಿಗೆ ಒಂದು ತಲೆಮಾರೇ ಕಳೆದಿರುತ್ತದೆ.

ಲೆಕ್ಕವಿಲ್ಲದೆ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಎರಡೂ ಧ್ರುವಗಳ ಕಡೆ ನಿದರ್ಶನಗಳಿವೆ. ದಕ್ಷಿಣ ಜಾರ್ಜಿಯಾ ದ್ವೀಪದ ಸುತ್ತ 1969-70ರ ಒಂದೇ ಋತುವಿನಲ್ಲಿ ಸೋವಿಯತ್ ಹಡಗುಗಳು ರಾಕ್‌ಕಾಡ್ ಎಂಬ ಮೀನನ್ನು ಸುಮಾರು 4 ಲಕ್ಷ ಟನ್ ಹಿಡಿದವು. ಒಂದೆರಡು ವರ್ಷಗಳಲ್ಲಿ ಆ ಮೀನುಗಾರಿಕೆಯೇ ಕುಸಿದುಬಿತ್ತು. ಉತ್ತರದ ಬೇರಿಂಗ್ ಸಮುದ್ರದಲ್ಲಿ, ಯಾವ ದೇಶಕ್ಕೂ ಸೇರದ ನಡುಭಾಗದಲ್ಲಿ, 1989ರಲ್ಲಿ 14 ಲಕ್ಷ ಟನ್ ದಾಟಿದ್ದ ಪೊಲಾಕ್ ಮೀನಿನ ಹಿಡಿತ ನಾಲ್ಕೇ ವರ್ಷಗಳಲ್ಲಿ ಸಂಪೂರ್ಣ ನಿಲ್ಲಿಸಬೇಕಾದ ಸ್ಥಿತಿಗೆ ಬಂತು. ಆ ನೆನಪು ಇದ್ದುದರಿಂದಲೇ 9 ದೇಶಗಳು ಮತ್ತು ಐರೋಪ್ಯ ಒಕ್ಕೂಟ ಸೇರಿ, ಸಾಕಷ್ಟು ವೈಜ್ಞಾನಿಕ ಮಾಹಿತಿ ದೊರೆಯುವವರೆಗೆ ಆರ್ಕ್ಟಿಕ್ ಸಾಗರದ ನಡುಭಾಗದಲ್ಲಿ ವಾಣಿಜ್ಯ ಮೀನುಗಾರಿಕೆಯನ್ನೇ ಆರಂಭಿಸದಿರಲು 16 ವರ್ಷಗಳ ಒಪ್ಪಂದ ಮಾಡಿಕೊಂಡವು. 2021ರಲ್ಲಿ ಜಾರಿಗೆ ಬಂದ ಈ ಒಪ್ಪಂದವನ್ನು ನಾನು ಬಹಳ ದೊಡ್ಡ ಹೆಜ್ಜೆಯೆಂದು ಭಾವಿಸುತ್ತೇನೆ.

ದಕ್ಷಿಣದಲ್ಲಿ ಎಲ್ಲದರ ಕೇಂದ್ರದಲ್ಲಿರುವುದು ಕ್ರಿಲ್. ಹೆಚ್ಚೆಂದರೆ ಆರು ಸೆಂಟಿಮೀಟರ್ ಉದ್ದದ, ಸೀಗಡಿಯಂತಹ ಜೀವಿ. ತಿಮಿಂಗಿಲ, ಪೆಂಗ್ವಿನ್, ಸೀಲ್‌ಗಳೆಲ್ಲ ಅದನ್ನೇ ನಂಬಿಕೊಂಡಿವೆ. ಅದರ ಮರಿಗಳು ಚಳಿಗಾಲವನ್ನು ಕಳೆಯುವುದು ಕಡಲ ಮಂಜುಗಡ್ಡೆಯ ಅಡಿಯಲ್ಲಿ ಬೆಳೆಯುವ ಪಾಚಿಯನ್ನು ಮೇಯುತ್ತ. ಆದ್ದರಿಂದ ಮಂಜುಗಡ್ಡೆ ಕುಗ್ಗಿದರೆ ಬಲೆ ಬೀಳದ ಕಡೆಯೂ ಕ್ರಿಲ್‌ಗೆ ಕುತ್ತು. ಈ ಕಡಲಿನ ಜೀವಿಗಳ ಸಂರಕ್ಷಣೆಗಾಗಿ 1982ರಲ್ಲಿ ಜಾರಿಗೆ ಬಂದ, ಮೊದಲು ಹೇಳಿದ ಆಯೋಗಕ್ಕೆ ಮೂಲವಾದ ಒಡಂಬಡಿಕೆಯ ಹಿರಿಮೆ ಇಲ್ಲಿದೆ: ಕ್ರಿಲ್‌ನ ಮೂಲ ಪ್ರಮಾಣದಲ್ಲಿ ನೂರಕ್ಕೆ 75 ಭಾಗ ಅದನ್ನು ತಿನ್ನುವ ಜೀವಿಗಳಿಗಾಗಿ ಕಡಲಿನಲ್ಲೇ ಉಳಿಯಬೇಕೆಂಬ ಗುರಿಯನ್ನಿಟ್ಟುಕೊಂಡು ಅದರ ಆಯೋಗ ಮಿತಿಯನ್ನು ಲೆಕ್ಕ ಹಾಕುತ್ತದೆ. ಈ ಲೆಕ್ಕಕ್ಕೆ ಹಡಗಿನಿಂದ ಶಬ್ದದ ಅಲೆಗಳನ್ನು ನೀರಿಗೆ ಬಿಟ್ಟು ಅವುಗಳ ಮಾರ್ದನಿಯಿಂದ ಕ್ರಿಲ್ ಹಿಂಡುಗಳನ್ನು ಅಳೆಯಬೇಕು, ಬಲೆ ಇಳಿಸಿ ಮಾದರಿ ತೆಗೆದು ಹೋಲಿಸಬೇಕು. ಅಟ್ಲಾಂಟಿಕ್ ಭಾಗದಲ್ಲಿ ಇಂತಹ ದೊಡ್ಡ ಸಮೀಕ್ಷೆ 2000ದಲ್ಲಿ ನಡೆಯಿತು, ಮತ್ತೆ ನಡೆದದ್ದು 2019ರಲ್ಲಿ. ಎರಡೂ ಸಲ ಸಿಕ್ಕ ಅಂದಾಜು ಸುಮಾರು 6 ಕೋಟಿ ಟನ್. ಆದರೆ ನಡುವೆ 19 ವರ್ಷ.

ಅಲ್ಲಿನ ಹಿಡಿತಕ್ಕೆ ಸದ್ಯ ಇರುವ ಮಿತಿ 6.2 ಲಕ್ಷ ಟನ್. ಒಟ್ಟು ಪ್ರಮಾಣದ ಮುಂದೆ ಇದು ಅಲ್ಪವೆಂದು ತೋರುತ್ತದೆ, ಆದರೆ ಎಲ್ಲ ಹಡಗುಗಳೂ ಒಂದೇ ಕಡೆ ನೆರೆದರೆ ಅಲ್ಲಿನ ಪೆಂಗ್ವಿನ್‌ಗಳ ಪಾಲಿಗೆ ಅದು ಅಲ್ಪವಲ್ಲ. ಈ ಮಿತಿಯನ್ನು ನಾಲ್ಕು ಉಪವಲಯಗಳಿಗೆ ಹಂಚುವ ನಿಯಮವೊಂದಿತ್ತು. 2024ರಲ್ಲಿ ಹೋಬಾರ್ಟ್ ನಗರದಲ್ಲಿ ನಡೆದ ಸಭೆಯಲ್ಲಿ ಒಮ್ಮತ ಮೂಡದೆ ಅದರ ಅವಧಿ ಮುಗಿದುಹೋಯಿತು. ಮರುವರ್ಷವೇ ಹಡಗುಗಳು ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಬಳಿ ಮುತ್ತಿಕೊಂಡವು. ಮೊದಲ ಬಾರಿಗೆ ಇಡೀ ಮಿತಿ ಋತುವಿನ ನಡುವೆಯೇ ತುಂಬಿ, 2025ರ ಆಗಸ್ಟ್‌ನಲ್ಲಿ ಮೀನುಗಾರಿಕೆಯನ್ನು ಮುಚ್ಚಬೇಕಾಯಿತು.

ಈ ಆಯೋಗದಲ್ಲಿ 27 ಸದಸ್ಯರಿದ್ದು, ಮುಖ್ಯ ವಿಷಯಗಳ ತೀರ್ಮಾನಗಳೆಲ್ಲ ಒಮ್ಮತದಿಂದಲೇ ಆಗಬೇಕು. ಭಾರತದ ಮಾತಿಗೆ ನಾರ್ವೆ ಅಥವಾ ಚೀನಾದ ಮಾತಿನಷ್ಟೇ ತೂಕವಿದೆ. ನಮ್ಮ ಹಡಗುಗಳು ಇಂದು ಅಲ್ಲಿ ಕ್ರಿಲ್ ಹಿಡಿಯುತ್ತಿಲ್ಲವಾದ್ದರಿಂದ ನಮ್ಮನ್ನು ಸ್ವಾರ್ಥದ ಹೆಸರಿನಲ್ಲಿ ಯಾರೂ ದೂರಲಾರರು. ನಮಗೆ ಕೊರತೆಯಿರುವುದು ಸ್ವಂತ ಅಳತೆಯದು. 1995-96ರಲ್ಲಿ ನಮ್ಮ 'ಸಾಗರ ಸಂಪದ' ಹಡಗು ಕ್ರಿಲ್ ಅಧ್ಯಯನಕ್ಕೆಂದೇ ಆ ಕಡಲಿಗೆ ಹೋಗಿ ಬಂದಿತ್ತು. ಅಂಟಾರ್ಕ್ಟಿಕಾದ ಪೂರ್ವ ಭಾಗದಲ್ಲಿ ನಮ್ಮದೇ 'ಭಾರತಿ' ನೆಲೆಯಿದೆ. ಅದರ ಎದುರಿನ ಕಡಲಿನ ಕ್ರಿಲ್ ಅನ್ನು 2006ರಲ್ಲಿ ಮತ್ತು 2021ರಲ್ಲಿ ಅಳೆದು ಬರೆದಿಟ್ಟವರು ಆಸ್ಟ್ರೇಲಿಯಾದವರು. ಒಬ್ಬ ಅಧ್ಯಾಪಕನಾಗಿ ನನಗೆ ಇದು ನೋವಿನ ಸಂಗತಿ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ದಕ್ಷಿಣ ಸಾಗರದ ಕ್ರಿಲ್ ಮತ್ತು ಮೀನುಗಳ ಬಗ್ಗೆ ಕಳೆದ ಹತ್ತು ವರ್ಷಗಳಲ್ಲಿ ಭಾರತ ಆಯೋಗದ ವಿಜ್ಞಾನ ಸಮಿತಿಗೆ ಯಾವ ಮಾಹಿತಿ ಸಲ್ಲಿಸಿದೆ ಎಂದು ಭೂ ವಿಜ್ಞಾನ ಸಚಿವರಿಗೆ ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳಬೇಕು. ಧ್ರುವ ಸಂಶೋಧನಾ ಹಡಗನ್ನು ನಮ್ಮಲ್ಲೇ ಕಟ್ಟಲು ಕೋಲ್ಕತ್ತದ ಹಡಗುಕಟ್ಟೆ 2025ರಲ್ಲಿ ನಾರ್ವೆಯ ಕಂಪನಿಯೊಂದರ ಜೊತೆ ಒಡಂಬಡಿಕೆಗೆ ಸಹಿ ಹಾಕಿದೆ. ಕ್ರಿಲ್ ಅಳೆಯುವ ಧ್ವನಿ ಉಪಕರಣ, ಮಾದರಿ ಬಲೆ ಮತ್ತು ಪ್ರಯೋಗಾಲಯಗಳು ಆ ಹಡಗಿನ ನಕ್ಷೆಯಲ್ಲೇ ಇರುವಂತೆ ಒತ್ತಾಯಿಸಬೇಕು, ಹಡಗು ನೀರಿಗಿಳಿದ ಮೇಲೆ ಇವನ್ನು ಸೇರಿಸಲು ಹೊರಟರೆ ಖರ್ಚೂ ಹೆಚ್ಚು, ಕೆಲಸವೂ ಅರೆಬರೆ. ಪೂರ್ವ ಅಂಟಾರ್ಕ್ಟಿಕಾ ಮತ್ತು ವೆಡೆಲ್ ಸಮುದ್ರಗಳನ್ನು ಸಂರಕ್ಷಿತ ವಲಯಗಳನ್ನಾಗಿ ಮಾಡುವ ಪ್ರಸ್ತಾವಕ್ಕೆ 2021ರಲ್ಲಿ ಭಾರತ ಬೆಂಬಲ ಘೋಷಿಸಿತು. ಆ ಬೆಂಬಲದ ಬೆನ್ನಿಗೆ ನಮ್ಮದೇ ಅಳತೆಗಳು ಬೇಕು. ಗೋವಾ ಮತ್ತು ಕೊಚ್ಚಿಯ ಸಂಶೋಧನಾ ಕೇಂದ್ರಗಳ ಯಾತ್ರೆಗಳಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದಂತಹ ಒಳನಾಡಿನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೂ ಸ್ಥಾನ ಸಿಗಲಿ. ಹುರುಪೆಯ ಉಂಗುರ ಎಣಿಸಲು ಕಲಿತ ನಮ್ಮ ಮಕ್ಕಳಿಗೆ ಟೂತ್‌ಫಿಶ್‌ನ ಕಿವಿಗಲ್ಲನ್ನು ಓದುವುದು ಕಷ್ಟವೇನಲ್ಲ.

ಆಯೋಗದ ವಾರ್ಷಿಕ ಸಭೆ ಪ್ರತಿ ಅಕ್ಟೋಬರ್‌ನಲ್ಲಿ ಸೇರುತ್ತದೆ, ಸಂಸತ್ತಿನ ಮಳೆಗಾಲದ ಅಧಿವೇಶನ ಅದಕ್ಕೂ ಮೊದಲೇ ಬರುತ್ತದೆ. ಪ್ರಶ್ನೆಯ ಕರಡನ್ನು ಸಿದ್ಧಪಡಿಸಿಟ್ಟಿದ್ದೇನೆ. ತಾವು ಸಮಯ ಕೊಟ್ಟ ದಿನ ತಮ್ಮ ಕಚೇರಿಗೆ ಬಂದು ಒಪ್ಪಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ, ಕಲಬುರಗಿ